ಅಜ್ಜನ ಮಾರ್ಕ್ 2 ಅಂಬಾಸಿಡರ್‌ಗೆ ಇಸುಜು ಎಂಜಿನ್ ಕೂರಿಸಿದ್ದು

ನಮ್ಮ ಮನೆಯ ಅಂಬಾಸಿಡರ್ 1969ರ ಮಾರ್ಕ್ 2. ಅಜ್ಜ ತಗೊಂಡದ್ದು, ಅಪ್ಪ ನಲವತ್ತು ವರ್ಷ ಓಡಿಸಿದ್ದು, ಈಗ ನನ್ನ ಕೈಗೆ ಬಂದಿದೆ. ಎರಡು ವರ್ಷದ ಹಿಂದೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವಾಗ ಮಂಡಗದ್ದೆ ದಾಟಿದ ಮೇಲೆ ಎಂಜಿನ್‌ನ ಅಡಿಯಿಂದ ಕಟ ಕಟ ಸದ್ದು ಶುರುವಾಯಿತು. ರೇಸ್ ಕೊಟ್ಟರೆ ಜಾಸ್ತಿ, ಬಿಟ್ಟರೆ ಕಡಿಮೆ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಷರ್ ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯುತ್ತಿತ್ತು. ಮೂವತ್ತರ ವೇಗದಲ್ಲಿ ಹೇಗೋ ಮನೆ ಮುಟ್ಟಿಸಿದೆ.

ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಬಿಚ್ಚಿದಾಗ ತಳದ ಆಯಿಲ್‌ನಲ್ಲಿ ಬೇರಿಂಗ್‌ನ ಪುಡಿ ಹೊಳೆಯುತ್ತಿತ್ತು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಎಂಜಿನ್‌ನ ಮುಖ್ಯ ದಂಡ) ಹೊರಗೆ ತೆಗೆದು ಲೇತ್ ವರ್ಕ್‌ಶಾಪ್‌ಗೆ ಒಯ್ದೆವು. ಅಳತೆ ನೋಡಿದರೆ ಅದನ್ನು ಆಗಲೇ 40 ಥೌ, ಅಂದರೆ ಇಂಚಿನ ಸಾವಿರದಲ್ಲಿ 40 ಪಾಲು, ಅಂಡರ್‌ಸೈಜ್‌ಗೆ ಅರೆದಾಗಿದೆ. ಈ ಎಂಜಿನ್‌ಗೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಅಂತ ಬೇರಿಂಗ್ ಸಿಗುತ್ತವೆ. ಅದರ ಮುಂದೆ ಇಲ್ಲ. ಗೆರೆ ಬಿದ್ದ ಕ್ರ್ಯಾಂಕನ್ನು ಇನ್ನು ಅರೆಯುವ ಹಾಗಿರಲಿಲ್ಲ.

ಬೇರೆ ಕ್ರ್ಯಾಂಕ್ ಹುಡುಕಿದೆವು. ಎಂಟು ತಿಂಗಳಲ್ಲಿ ಎರಡು ಸಿಕ್ಕವು. ಒಂದು ನಮ್ಮದರಂತೆಯೇ ಸವೆದಿತ್ತು. ಇನ್ನೊಂದರಲ್ಲಿ ಬಿರುಕು ತೋರಿಸುವ ಬಣ್ಣ ಹಾಕಿ ನೋಡಿದಾಗ ಜರ್ನಲ್‌ನ (ಬೇರಿಂಗ್ ಕೂರುವ ಭಾಗದ) ಮೂಲೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಕಂಡಿತು. ಅಷ್ಟರಲ್ಲಿ ಕಾರು ಶೆಡ್ಡಿನಲ್ಲಿ ನಿಂತೇ ಒಂದು ಮಳೆಗಾಲ ಕಳೆಯಿತು. ಬ್ರೇಕ್ ಹಿಡಿದುಕೊಂಡಿತು, ಸೀಟಿನ ಕೆಳಗೆ ಇಲಿ ಗೂಡು ಕಟ್ಟಿತು. ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಅದನ್ನು ನೋಡುತ್ತಾ ಇರಲು ನನಗಾಗಲಿಲ್ಲ.

ಹಾಗಾಗಿ ಬೇರೆ ಎಂಜಿನ್ ಹಾಕುವ ತೀರ್ಮಾನಕ್ಕೆ ಬಂದೆವು. ಅಪ್ಪ ಒಂದೇ ಮಾತು ಹೇಳಿದರು. "ಹಾಕು ಮಾರಾಯ. ಆದ್ರೆ ಹಳೇದನ್ನ ಗುಜರಿಗೆ ಕೊಡ್ಬೇಡ. ನಾಳೆ ಕ್ರ್ಯಾಂಕ್ ಸಿಕ್ಕಿದ್ರೆ ವಾಪಸ್ ಕೂರ್ಬೇಕು."

ಇಡೀ ಕೆಲಸಕ್ಕೆ ಇದೇ ನಿಯಮವಾಯಿತು. ಏನು ಮಾಡಿದರೂ ಸ್ಪ್ಯಾನರ್ ಹಿಡಿದು ಬಿಚ್ಚಿ ಮೊದಲಿನ ಹಾಗೆ ಮಾಡಲು ಬರಬೇಕು. ಕಾರಿನ ಬಾಡಿಯ ಮೇಲೆ ವೆಲ್ಡಿಂಗ್ ಇಲ್ಲ, ಕತ್ತರಿಸುವುದಿಲ್ಲ. ಒಂದು ಕಡೆ ಮಾತ್ರ ಈ ನಿಯಮ ಮುರಿಯಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಯಾವ ಎಂಜಿನ್ ಅನ್ನುವುದಕ್ಕೆ ಊರಿನವರೆಲ್ಲ ಸಲಹೆ ಕೊಟ್ಟರು. ಡೀಸೆಲ್ ಹಾಕು ಅಂದವರೇ ಜಾಸ್ತಿ. ಅಂಬಾಸಿಡರ್‌ಗೆ ಡೀಸೆಲ್ ಹೊಸದೇನಲ್ಲ ನಿಜ. ಆದರೆ ಆ ನಡುಕ, ಆ ಸದ್ದು ಈ ಕಾರಿಗೆ ಬೇಡ ಅನಿಸಿತು. ಇಂಧನ ಬದಲಾದರೆ ಕಾಗದದ ಕೆಲಸವೂ ಹೆಚ್ಚುತ್ತದೆ. ನನ್ನ ಮನಸ್ಸು ಮೊದಲಿನಿಂದಲೂ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ ಮೇಲಿತ್ತು.

ಕಾರಣ ಸರಳ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಮಾಡಿತು. ಗ್ರಿಲ್, ಬಂಪರ್, ಡ್ಯಾಶ್‌ಬೋರ್ಡ್ ಬದಲಾಗುತ್ತಾ ಹೋದವು. ಬಾಡಿಯ ಗೂಡು ಮಾತ್ರ ಹೆಚ್ಚುಕಡಿಮೆ ಅದೇ. 1990ರ ದಶಕದ ಮೊದಲಲ್ಲಿ ಕಂಪನಿಯವರೇ ಇದಕ್ಕೆ ಇಸುಜುವಿನ 1817 ಸಿಸಿ ಎಂಜಿನ್ ಹಾಕಿ 1800 ಐಎಸ್‌ಝಡ್ ಅಂತ ಮಾರಿದರು. ಅದರ ಶಕ್ತಿ 75 ಬಿಎಚ್‌ಪಿ. ನಮ್ಮ ಹಳೆಯ 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ ಹೊಸದಿದ್ದಾಗಲೇ ಐವತ್ತರ ಆಸುಪಾಸು. ಹಳೆಯದಕ್ಕೆ ನಾಲ್ಕು ಗೇರ್, ಇಸುಜುವಿಗೆ ಐದು. ಹಳೆಯದರಲ್ಲಿ ಕ್ರ್ಯಾಂಕ್‌ಗೆ ಮೂರೇ ಮೇನ್ ಬೇರಿಂಗ್. ಹಿಂದೆ ರಬ್ಬರ್ ಸೀಲ್ ಕೂಡ ಇಲ್ಲ, ತಿರುಪಿನಂಥ ಗೆರೆಯೇ ಆಯಿಲನ್ನು ಒಳಕ್ಕೆ ತಳ್ಳಬೇಕು. ಹಳೆ ಅಂಬಾಸಿಡರ್ ನಿಂತ ಕಡೆಯೆಲ್ಲ ನೆಲದ ಮೇಲೆ ಆಯಿಲ್ ಚುಕ್ಕೆ ಇರುತ್ತಿದ್ದುದು ನೆನಪಿದೆ ಅಲ್ವಾ? ಅದಕ್ಕೆ ಇದೂ ಒಂದು ಕಾರಣ.

ಅಂದರೆ ಈ ಎಂಜಿನ್ ಈ ಗೂಡಿಗೆ ಹಿಡಿಸುತ್ತದೆ ಅಂತ ಕಾರ್ಖಾನೆಯೇ ಮಾಡಿ ತೋರಿಸಿತ್ತು. ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಸ್ಪ್ಯಾನರ್ ಮುಟ್ಟುವ ಮೊದಲು ಕಾಗದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಗಿಯಾಗಿದೆ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ನಮ್ಮಿಷ್ಟಕ್ಕೆ ಬದಲಾಯಿಸುವ ಹಾಗಿಲ್ಲ. ಹಾಗಾಗಿ ಮೊದಲು ಆರ್‌ಟಿಒ ಕಚೇರಿಗೆ ಅರ್ಜಿ ಹಾಕಿ, ಅದೇ ಕಂಪನಿ ಅದೇ ಮಾದರಿಗೆ ಹಾಕಿದ ಎಂಜಿನ್ ಅನ್ನುವುದನ್ನು ತೋರಿಸಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದೆ. ಇನ್ಶೂರೆನ್ಸ್‌ನವರಿಗೂ ಪತ್ರ ಕೊಟ್ಟೆ. ಎಂಜಿನ್ ಕೂರಿಸಿ ಆಮೇಲೆ ನೋಡಿಕೊಳ್ಳೋಣ ಅನ್ನಬೇಡಿ. ನಾಳೆ ಅಪಘಾತವಾದರೆ ಆ ಒಂದು ನಂಬರಿನ ವ್ಯತ್ಯಾಸ ದೊಡ್ಡದಾಗುತ್ತದೆ.

ಇನ್ನೊಂದು ವಿಷಯವೂ ಇದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನ ನಡುವೆ ವಿಎ ಅಂತ ಬರುತ್ತದೆ. ಆದರೆ ವಾಹನ ಮೂಲ ರೂಪದಲ್ಲೇ ಇರಬೇಕು. ಎಂಜಿನ್, ಚಾಸಿಸ್, ಬಾಡಿ ಬದಲಾಗಿರಬಾರದು. ನಮ್ಮ ಕಾರು ವಯಸ್ಸಿನ ಲೆಕ್ಕದಲ್ಲಿ ಪಾಸು, ಇಸುಜು ಕೂತ ಮೇಲೆ ಫೇಲು. ವಿಂಟೇಜ್ ನೋಂದಣಿಯ ಕಾರನ್ನು ದಿನಬಳಕೆಗೆ ಓಡಿಸುವ ಹಾಗೂ ಇಲ್ಲ. ನಮಗೆ ಬೇಕಾಗಿದ್ದು ತೋಟಕ್ಕೆ, ಮದುವೆಗೆ, ಮಂಗಳೂರಿಗೆ ಹೋಗುವ ಕಾರು. ಮುಂದೆ ಯಾವತ್ತಾದರೂ ವಿಎ ಬೇಕು ಅನಿಸಿದರೆ ಹಳೆ ಎಂಜಿನ್ ಕಾದಿರುತ್ತದೆ. ಅಪ್ಪನ ನಿಯಮದ ಬೆಲೆ ನನಗೆ ಪೂರ್ತಿ ಅರ್ಥವಾಗಿದ್ದು ಆಗಲೇ.

ಎಂಜಿನ್ ಹುಡುಕಾಟಕ್ಕೆ ಬೆಂಗಳೂರಿಗೆ ನಾಲ್ಕು ಸಲ ಹೋದೆ. ಜೆ.ಸಿ. ರೋಡ್, ಶಿವಾಜಿನಗರದ ಗುಜರಿ, ಎರಡೂ ಕಡೆ ತಿರುಗಿದೆ. ಹಿಂದೂಸ್ತಾನ್ ಮೋಟಾರ್ಸ್‌ನದ್ದೇ ಕಾಂಟೆಸಾ ಕಾರಿನಿಂದ ಬಿಚ್ಚಿದ ಇಸುಜು ಎಂಜಿನ್ ಒಂದು ಕಡಿಮೆ ಬೆಲೆಗೆ ಸಿಗುವುದಿತ್ತು. ಬಿಟ್ಟೆ. ನನಗೆ ಎಂಜಿನ್ ಮಾತ್ರ ಸಾಕಾಗುತ್ತಿರಲಿಲ್ಲ. ಅಂಬಾಸಿಡರ್‌ನ ಮೌಂಟ್ ಬ್ರಾಕೆಟ್, ಗೇರ್‌ಬಾಕ್ಸ್ ಹಿಡಿಯುವ ಕ್ರಾಸ್‌ಮೆಂಬರ್, ಆಕ್ಸಿಲರೇಟರ್ ಕೇಬಲ್, ಗೇರ್ ಲಿವರ್, ಸ್ಪೀಡೋಮೀಟರ್ ಕೇಬಲ್ ಎಲ್ಲ ಒಟ್ಟಿಗೆ ಬೇಕಿತ್ತು. ಈ ಸಣ್ಣ ಸಾಮಾನುಗಳನ್ನು ಆಮೇಲೆ ಬಿಡಿಬಿಡಿಯಾಗಿ ಹುಡುಕಲು ಹೋದರೆ ಎಂಜಿನ್‌ಗಿಂತ ಜಾಸ್ತಿ ಖರ್ಚು, ಅದಕ್ಕಿಂತ ಜಾಸ್ತಿ ತಲೆನೋವು. ಕೊನೆಗೆ ಬಯಲುಸೀಮೆಯ ಒಂದು ಊರಲ್ಲಿ ಬಾಡಿ ಪೂರ್ತಿ ತುಕ್ಕು ಹಿಡಿದ 1800 ಐಎಸ್‌ಝಡ್ ಸಿಕ್ಕಿತು. ಎಂಜಿನ್, ಗೇರ್‌ಬಾಕ್ಸ್, ಮೇಲೆ ಹೇಳಿದ ಸಾಮಾನು ಎಲ್ಲ ಸೇರಿ 48,000 ರೂಪಾಯಿ. ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ದಂಡ, ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಯಾರೋ ಮೊದಲೇ ಒಯ್ದಿದ್ದರು. ಆರ್‌ಸಿ ಪ್ರತಿ, ಮಾರಿದ ಬಗ್ಗೆ ಸಹಿ ಮಾಡಿದ ರಸೀದಿ ಎರಡೂ ತಗೊಂಡೆ.

ನಮ್ಮ ಮೆಕ್ಯಾನಿಕ್ ಅಂದರೆ ಅಜ್ಜನ ಕಾಲದಿಂದ ಈ ಕಾರು ನೋಡಿದವರು. ನಾವು ಭಾಯ್ ಅಂತಲೇ ಕರೆಯುವುದು. ಎಪ್ಪತ್ತು ದಾಟಿದೆ, ಈಗ ಗ್ಯಾರೇಜ್ ನಡೆಸುವುದಿಲ್ಲ. ನನಗೆ ಹೇಳಿಕೊಡಲು ಭಾನುವಾರ ಭಾನುವಾರ ಮನೆಗೆ ಬರುತ್ತಿದ್ದರು.

ತಂದ ಎಂಜಿನನ್ನು ನೇರ ಕಾರಿಗೆ ಹಾಕಲು ಅವರು ಬಿಡಲಿಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಅದರ ಮೇಲೆ ಕೂರಿಸಿ, ಬ್ಯಾಟರಿ ಕೊಟ್ಟು ಕಂಪ್ರೆಷನ್ ನೋಡಿದೆವು. ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಸೆಲ್ಫ್ ಹೊಡೆಯಬೇಕು. ಮೂರು ಸಿಲಿಂಡರ್ 150 ಪಿಎಸ್‌ಐ ಹತ್ತಿರ ತೋರಿಸಿದವು. ಮೂರನೇ ನಂಬರಿನದು ಮಾತ್ರ 105. ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆವು. ಆಯಿಲ್ ಬಿಟ್ಟಾಗ ಪ್ರೆಷರ್ ಏರಿದರೆ ರಿಂಗ್ ಸವೆದಿದೆ ಅಂತ. ಏರದಿದ್ದರೆ ಸೋರಿಕೆ ಮೇಲೆ, ವಾಲ್ವ್‌ನಲ್ಲಿದೆ ಅಂತ. ನಮ್ಮದು ಏರಲಿಲ್ಲ. ನನಗೆ ಸಮಾಧಾನವಾಯಿತು. ವಾಲ್ವ್ ಕೆಲಸ ಅಂದರೆ ಹೆಡ್ ಮಾತ್ರ ಬಿಚ್ಚಿದರೆ ಸಾಕು.

ಹೆಡ್ ತೆಗೆದರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಒಂದು ಅಂಚಿನಲ್ಲಿ ಸುಟ್ಟಿತ್ತು. ಆ ಒಂದು ವಾಲ್ವ್ ಹೊಸದು, ಉಳಿದವಕ್ಕೆ ಗ್ರೈಂಡಿಂಗ್. ವಾಲ್ವ್ ಸೀಲ್ ಅಷ್ಟೂ ಬದಲಾಯಿಸಿದೆವು. ಈ ಹೆಡ್ ಅಲ್ಯೂಮಿನಿಯಂ. ಹಳೆ ಬಿಎಂಸಿಯ ಎರಕದ ಕಬ್ಬಿಣದ ಹೆಡ್ ಒಂದೆರಡು ಸಲ ಕುದಿದರೂ ತಡೆದುಕೊಳ್ಳುತ್ತಿತ್ತು. ಅಲ್ಯೂಮಿನಿಯಂ ಹಾಗಲ್ಲ, ಹೀಟ್ ಆದರೆ ಬಾಗುತ್ತದೆ. ಲೇತ್‌ನಲ್ಲಿ ನೇರ ಪಟ್ಟಿ ಇಟ್ಟು ನೋಡಿದಾಗ ನಡುವೆ ಸಣ್ಣ ಬೆಳಕು ಕಂಡಿತು. ಬೇಕಾದಷ್ಟೇ ಅರೆದು ಸಮತಟ್ಟು (ಫೇಸಿಂಗ್) ಮಾಡಿಸಿದೆವು.

ಕಾರ್ಬೊರೇಟರ್ ಬಿಚ್ಚಿ ತೊಳೆದು ಕಿಟ್ ಹಾಕಿದೆ. ಪೆಟ್ರೋಲ್‌ಗೆ ಈಗ ಶೇಕಡಾ 20ರವರೆಗೆ ಎಥೆನಾಲ್ ಸೇರುತ್ತದೆ. ಹಳೆ ರಬ್ಬರ್ ಅದಕ್ಕೆ ಬಾಳುವುದಿಲ್ಲ, ಮೆತ್ತಗಾಗಿ ಒಡೆಯುತ್ತದೆ. ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ರಬ್ಬರ್ ಪೈಪ್ ಅಷ್ಟೂ ಎಥೆನಾಲ್ ತಡೆಯುವ ಬಗೆಯದ್ದನ್ನೇ ಹಾಕಿದೆ. ಟ್ಯಾಂಕ್ ಇಳಿಸಿ ಒಳಗೆ ಜಲ್ಲಿ ಹಾಕಿ ಕುಲುಕಿ ತೊಳೆದಾಗ ಅರ್ಧ ಚೊಂಬು ತುಕ್ಕು ಬಂತು. ಅದು ಒಳಗೇ ಇದ್ದಿದ್ದರೆ ಎಥೆನಾಲ್ ಅದನ್ನು ಕಿತ್ತು ಕಿತ್ತು ಫಿಲ್ಟರ್‌ಗೆ ತಂದು ತುಂಬುತ್ತಿತ್ತು.

ಜನವರಿಯ ಎರಡನೇ ಭಾನುವಾರ ಹಳೆ ಎಂಜಿನ್ ಇಳಿಸಿದೆವು. ಕ್ರ್ಯಾಂಕ್ ಇಲ್ಲದ ಬ್ಲಾಕ್, ಮೇಲೆ ಸುಮ್ನೆ ಇಟ್ಟ ಹೆಡ್, ಗೇರ್‌ಬಾಕ್ಸ್. ಬಾನೆಟ್, ಗ್ರಿಲ್, ರೇಡಿಯೇಟರ್ ತೆಗೆದು ಶೆಡ್ಡಿನ ಕಬ್ಬಿಣದ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಎತ್ತಿದೆವು. ಪ್ರತಿ ಬೋಲ್ಟನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದೆ. ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆದೆ. ಅಷ್ಟೂ ಉಪಯೋಗಕ್ಕೆ ಬಂದವು.

ಖಾಲಿ ಎಂಜಿನ್ ಜಾಗವನ್ನು ಸೀಮೆಎಣ್ಣೆ ಹಾಕಿ ತೊಳೆದೆವು. ಐವತ್ತು ವರ್ಷದ ಕರಿ ಗ್ರೀಸ್ ಹೋದ ಮೇಲೆ ಅಡಿಯಲ್ಲಿ ಕಾರಿನ ಮೂಲ ಬಣ್ಣ ಕಂಡಿತು. ಅಪ್ಪ ಬಂದು ಬೆರಳಾಡಿಸಿ ನೋಡಿದರು. ಈ ಬಣ್ಣ ಅವರು ಕಂಡಿದ್ದು ಹುಡುಗನಾಗಿದ್ದಾಗ. ಆಮೇಲೆ ಎರಡು ಸಲ ಪೇಂಟ್ ಬದಲಾಗಿದೆ.

ಇಸುಜು ಮೊದಲ ಸಲ ಒಳಗಿಳಿಸಿದಾಗ ನೇರ ಕೂತುಬಿಡುತ್ತದೆ ಅಂದುಕೊಂಡಿದ್ದೆ. ಕೂರಲಿಲ್ಲ. ಗೂಡು ಒಂದೇ ಆದರೂ ಮೌಂಟ್ ಬ್ರಾಕೆಟ್ ಹಿಡಿಯುವ ತೂತುಗಳು ನಮ್ಮ ಕಾರಿನಲ್ಲಿ ಬೇರೆ ಕಡೆ ಇದ್ದವು. ಚಾಸಿಸ್‌ಗೆ ಹೊಸ ತೂತು ಹೊಡೆದು ಮುಗಿಸಬಹುದಿತ್ತು. ಆದರೆ ನಿಯಮ ಇದೆಯಲ್ಲ. ಎಂಜಿನನ್ನು ಚೈನ್‌ನಲ್ಲಿ ನೇತುಹಾಕಿ, ಅಡಿಗೆ ಹಲಸಿನ ಮರದ ತುಂಡುಗಳನ್ನು ಕೊಟ್ಟು ಸರಿಯಾದ ಜಾಗಕ್ಕೆ ತಂದೆವು. ಮುಂದೆ ರೇಡಿಯೇಟರ್‌ಗೆ ಜಾಗ, ಅಡಿಯಲ್ಲಿ ಸಂಪ್‌ಗೂ ಕ್ರಾಸ್‌ಮೆಂಬರ್‌ಗೂ ನಡುವೆ ಕನಿಷ್ಠ ಒಂದು ಹೆಬ್ಬೆರಳು, ಹಿಂದೆ ಫೈರ್‌ವಾಲ್‌ಗೆ ತಾಗದಷ್ಟು. ಮೇಲಿನ ಜಾಗ ಅಳೆಯಲು ಅಮ್ಮನ ಹತ್ತಿರ ಚಪಾತಿ ಹಿಟ್ಟಿನ ಉಂಡೆ ತಂದೆ. ಅದನ್ನು ಏರ್ ಕ್ಲೀನರ್ ಮೇಲಿಟ್ಟು ಬಾನೆಟ್ ನಿಧಾನಕ್ಕೆ ಮುಚ್ಚಿ ತೆರೆದರೆ, ಒತ್ತಿ ಉಳಿದ ಹಿಟ್ಟಿನ ದಪ್ಪ 22 ಮಿಲಿಮೀಟರ್. ಎಂಜಿನ್ ರಬ್ಬರ್ ಮೇಲೆ ಅಲುಗಿದರೂ ಸಾಕು.

ಆಮೇಲೆ ರಟ್ಟಿನಲ್ಲಿ ಮೌಂಟ್‌ನ ಅಚ್ಚು ಕತ್ತರಿಸಿದೆ. ಐದನೇ ರಟ್ಟು ಸರಿಹೊಂದಿತು. ಅದೇ ಅಳತೆಗೆ 8 ಮಿಲಿಮೀಟರ್ ಉಕ್ಕಿನ ಪ್ಲೇಟ್ ಕತ್ತರಿಸಿ ಎರಡು ಅಡಾಪ್ಟರ್ ಮಾಡಿಸಿದೆವು. ಒಂದು ಬದಿ ನಮ್ಮ ಕಾರಿನ ಹಳೆ ತೂತುಗಳಿಗೆ, ಇನ್ನೊಂದು ಬದಿ ಇಸುಜು ಬ್ರಾಕೆಟ್‌ಗೆ. ಗೇರ್‌ಬಾಕ್ಸ್‌ನ ಕ್ರಾಸ್‌ಮೆಂಬರ್‌ಗೂ ಹೀಗೇ. ಮೂರು ಭಾನುವಾರ ಇದಕ್ಕೇ ಹೋಯಿತು. ರಟ್ಟಿನ ಅಚ್ಚುಗಳನ್ನು ಎಸೆಯದೆ ಇಟ್ಟಿದ್ದೇನೆ. ಬೇರೆ ಯಾರಾದರೂ ಮಾರ್ಕ್ 2ಕ್ಕೆ ಇದೇ ಕೆಲಸ ಮಾಡುವುದಾದರೆ ಕೊಡುತ್ತೇನೆ.

ಈಗ ಗೇರ್. ನಮ್ಮ ಕಾರಿನಲ್ಲಿ ಗೇರ್ ಲಿವರ್ ಸ್ಟೀರಿಂಗ್ ಕೋಲಿನ ಪಕ್ಕ. ಇಸುಜು ಗೇರ್‌ಬಾಕ್ಸ್‌ನ ಲಿವರ್ ನೆಲದಿಂದ ಮೇಲೆ ಬರುತ್ತದೆ. ನಡುವಿನ ಟನೆಲ್‌ನ ತಗಡಿನಲ್ಲಿ ಅದಕ್ಕೆ ದಾರಿ ಇಲ್ಲ. ಎರಡು ವಾರ ಬೇರೆ ಉಪಾಯ ಯೋಚಿಸಿದೆ. ಸಿಗಲಿಲ್ಲ. ಕೊನೆಗೆ ಗುರುತು ಹಾಕಿ, ಗ್ರೈಂಡರ್ ಹಿಡಿದು, ಅಂಗೈಗಿಂತ ತುಸು ದೊಡ್ಡ ತುಂಡನ್ನು ಕತ್ತರಿಸಿದೆ. ಆ ಕಿಡಿ ಹಾರುವಾಗ ನನ್ನ ಹೊಟ್ಟೆಯಲ್ಲಿ ಸಂಕಟ. ಅಂಚಿಗೆ ಉಜ್ಜಿ ಪ್ರೈಮರ್ ಬಳಿದು, ಮೇಲೆ ರಬ್ಬರ್ ಬೂಟ್ ಸಮೇತ ಪ್ಲೇಟ್ ಸ್ಕ್ರೂ ಮಾಡಿದೆ. ಕತ್ತರಿಸಿದ ತುಂಡಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಹಳೆ ಎಂಜಿನ್ ಜೊತೆ ಇಟ್ಟಿದ್ದೇನೆ. ನಾಳೆ ಅದೇ ಜಾಗಕ್ಕೆ ಬೆಸೆಯಬಹುದು. ಸ್ಟೀರಿಂಗ್ ಪಕ್ಕದ ಲಿವರನ್ನು ಬಿಚ್ಚಿಲ್ಲ. ಅದಕ್ಕೆ ಈಗ ಕೆಲಸವಿಲ್ಲ, ಆದರೂ ಇರಲಿ.

ಕ್ಲಚ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಹೊಸದು. ಎಂಜಿನ್ ಹೊರಗಿರುವಾಗ ಇದನ್ನು ಮಾಡದೆ ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಎಲ್ಲ ಇಳಿಸಬೇಕಾಗುತ್ತದೆ.

ವೈರಿಂಗ್ ಮಾತ್ರ ಬಿಡಿಸಿ ಹೇಳಬೇಕು. ಹಳೆ ಎಂಜಿನ್‌ಗೆ ಇದ್ದದ್ದು ಡೈನಮೊ. ಪಕ್ಕದಲ್ಲಿ ಚಾರ್ಜಿಂಗ್ ಹತೋಟಿಗೆ ಅದರ ಕಟ್‌ಔಟ್ ಡಬ್ಬಿ. ಇಸುಜುವಿಗೆ ಆಲ್ಟರ್ನೇಟರ್. ಡೈನಮೊಗಿಂತ ಇದು ಸುಮಾರು ಎರಡು ಪಟ್ಟು ಕರೆಂಟ್ ಕೊಡುತ್ತದೆ. ಅಷ್ಟನ್ನೂ ಡ್ಯಾಶ್‌ಬೋರ್ಡಿನ ಹಳೆ ಆಂಪಿಯರ್ ಮೀಟರ್ ಮೂಲಕ ಹಾಯಿಸಿದರೆ ಐವತ್ತು ವರ್ಷದ ಬಟ್ಟೆ ಸುತ್ತಿದ ವೈರ್ ಕಾದು ಬೆಂಕಿ ಹಿಡಿಯಬಹುದು. ಹಾಗಾಗಿ ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ದಪ್ಪ ವೈರ್ ನೇರ ಎಳೆದು ನಡುವೆ ದೊಡ್ಡ ಫ್ಯೂಸ್ ಕೂರಿಸಿದೆ. ಹಳೆ ವೈರಿಂಗ್ ಕತ್ತರಿಸದೆ ಪಕ್ಕಕ್ಕೆ ಸುತ್ತಿ ಕಟ್ಟಿಟ್ಟೆ. ಡ್ಯಾಶ್‌ಬೋರ್ಡಿನ ಕೆಂಪು ಇಗ್ನಿಷನ್ ದೀಪವನ್ನು ಮಾತ್ರ ಹಾಗೇ ಬಳಸಿದೆ. ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಸಣ್ಣ ಕರೆಂಟ್ ಈ ದೀಪದ ಮೂಲಕವೇ ಹೋಗುತ್ತದೆ. ಆ ಬಲ್ಬ್ ಸುಟ್ಟರೆ ಚಾರ್ಜಿಂಗ್ ನಿಲ್ಲಬಹುದು. ಎರಡು ಬಲ್ಬ್ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿರುತ್ತೇನೆ.

ಮಾರ್ಚ್‌ನಲ್ಲಿ ಒಂದು ಸಂಜೆ ಮೊದಲ ಸಲ ಚಾಲೂ ಮಾಡಲು ಹೊರಟೆವು. ಅಕ್ಕಪಕ್ಕದವರೂ ಬಂದು ನಿಂತಿದ್ದರು. ಕೀ ತಿರುಗಿಸಿದೆ. ಸೆಲ್ಫ್ ನಿಧಾನಕ್ಕೆ ನರಳಿತು, ಒಂದು ಸುತ್ತು ತಿರುಗಿ ನಿಂತಿತು. ಬ್ಯಾಟರಿ ಹೊಸದು. ಇನ್ನೊಂದು ಸಲ ಹೊಡೆದೆ. ಆಗ ಡ್ಯಾಶ್‌ಬೋರ್ಡ್ ಕಡೆಯಿಂದ ಸುಟ್ಟ ವಾಸನೆ ಬಂತು. ನೋಡಿದರೆ ಚೋಕ್ ಕೇಬಲ್‌ನಿಂದ ಹೊಗೆ ಏಳುತ್ತಿದೆ!

"ಬಂದ್ ಮಾಡಿ, ಬಂದ್ ಮಾಡಿ! ಅರ್ತ್ ಎಲ್ಲಿ ಕೊಟ್ಟಿದೀರಿ?" ಅಂತ ಭಾಯ್ ಕೂಗಿದರು.

ಅರ್ತ್ ಕೊಟ್ಟೇ ಇರಲಿಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಹೋಗುತ್ತದೆ. ಬಾಡಿಗೂ ಎಂಜಿನ್‌ಗೂ ನಡುವೆ ದಪ್ಪ ಪಟ್ಟಿಯೊಂದು ಇರಲೇಬೇಕು. ಅದನ್ನು ಹಾಕಲು ಮರೆತಿದ್ದೆ. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಕರೆಂಟ್ ವಾಪಸ್ ಹೋಗಲು ದಾರಿ ಹುಡುಕಿ ಚೋಕ್ ಕೇಬಲ್ ಹಿಡಿದಿತ್ತು. ಕೇಬಲ್ ಹಾಳಾಯಿತು, ಅದೃಷ್ಟಕ್ಕೆ ಬೇರೇನೂ ಆಗಲಿಲ್ಲ. ಮರುದಿನ ತಾಮ್ರದ ಪಟ್ಟಿ ತಂದೆ. ಬಾಡಿಯ ಕಡೆ ಪೇಂಟ್ ಕೆರೆದು, ಹಲ್ಲು ಇರುವ ವಾಷರ್ ಹಾಕಿ ಬಿಗಿದೆ. ಎಂಜಿನ್ ಬದಲಾಯಿಸುವವರು ಸೆಲ್ಫ್ ಮುಟ್ಟುವ ಮೊದಲು ಈ ಪಟ್ಟಿ ಇದೆಯಾ ಅಂತ ಕೈಯಿಂದ ಮುಟ್ಟಿ ನೋಡಿ.

ಎರಡನೇ ದಿನ ಅರ್ಧ ಸೆಲ್ಫ್‌ಗೇ ಹಿಡಿಯಿತು. ಎಷ್ಟು ಮೆತ್ತಗೆ ಅಂದರೆ, ಓಡುತ್ತಿದೆಯಾ ಅಂತ ಅಪ್ಪ ಬಾನೆಟ್ ಮೇಲೆ ಕೈ ಇಟ್ಟು ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬಂದರು.

ಪ್ರೊಪೆಲ್ಲರ್ ಶಾಫ್ಟ್ ನಮಗೆ ಪಾಠ ಕಲಿಸಿತು. ಹೊಸ ಗೇರ್‌ಬಾಕ್ಸ್ ಉದ್ದ, ಹಳೆ ಶಾಫ್ಟ್ ಹೊಂದುವುದಿಲ್ಲ. ಹಳೆಯದನ್ನು ಮುಟ್ಟದೆ ಬೇರೊಂದು ಶಾಫ್ಟ್ ತಂದು, ಲೇತ್‌ನಲ್ಲಿ ಕತ್ತರಿಸಿ ನಮ್ಮ ಉದ್ದಕ್ಕೆ ವೆಲ್ಡ್ ಮಾಡಿಸಿ, ಬ್ಯಾಲೆನ್ಸಿಂಗ್ ಮಾಡಿಸಿದೆ. ರಸ್ತೆಗೆ ಇಳಿದರೆ 55ಕ್ಕೆ ಸಣ್ಣ ನಡುಕ, 70ಕ್ಕೆ ಸೀಟು, ಕನ್ನಡಿ ಎಲ್ಲ ಅಲ್ಲಾಡುತ್ತವೆ.

ಎಂಜಿನ್ ಮೌಂಟ್ ಅಂತ ಮೊದಲು ಅನುಮಾನ. ಭಾಯ್ ಒಂದು ಪರೀಕ್ಷೆ ಹೇಳಿದರು. 70ಕ್ಕೆ ಹೋಗಿ ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ ಐಡ್ಲಿಂಗ್‌ಗೆ ಬಿಡಿ ಅಂದರು. ಹಾಗೆ ಮಾಡಿದರೂ ನಡುಕ ಹೋಗಲಿಲ್ಲ. ಎಂಜಿನ್ ನಿಧಾನವಾಗಿದೆ, ನಡುಕ ಹಾಗೇ ಇದೆ ಅಂದರೆ ತೊಂದರೆ ಗೇರ್‌ಬಾಕ್ಸ್‌ನ ಹಿಂದೆ. ಮೊದಲು ಕೋನ ಅಳೆದೆವು. ಗೇರ್‌ಬಾಕ್ಸ್‌ನ ಬಾಲ 3 ಡಿಗ್ರಿ ಕೆಳಕ್ಕೆ, ಡಿಫರೆನ್ಶಿಯಲ್‌ನ (ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯ) ಮೂತಿ 3 ಡಿಗ್ರಿ ಮೇಲಕ್ಕೆ. ಎರಡೂ ಒಂದಕ್ಕೊಂದು ಸಮಾನಾಂತರ, ಅಂದರೆ ಸರಿಯಾಗಿದೆ. ಚಕ್ರ ಬದಲಾಯಿಸಿ ನೋಡಿದೆವು, ವ್ಯತ್ಯಾಸವಿಲ್ಲ. ಶಾಫ್ಟ್ ಇಳಿಸಿ ಬೇರೆ ಕಡೆ ಮತ್ತೆ ಬ್ಯಾಲೆನ್ಸ್ ನೋಡಿಸಿದೆ. ಬ್ಯಾಲೆನ್ಸ್ ಸರಿಯಾಗಿಯೇ ಇತ್ತು.

ಆ ರಾತ್ರಿ ಶಾಫ್ಟನ್ನು ಜಗಲಿಯ ಮೇಲೆ ಇಟ್ಟು ಒಂದು ತುದಿಯಿಂದ ಕಣ್ಣಿಟ್ಟು ನೋಡಿದೆ. ಎರಡೂ ತುದಿಯ ಕ್ರಾಸ್ (ಶಾಫ್ಟ್ ಕೋನದಲ್ಲಿದ್ದರೂ ತಿರುಗಲು ಬಿಡುವ ಕೀಲು) ಹಿಡಿಯುವ ಕವಲುಗಳು ಒಂದೇ ನೇರದಲ್ಲಿ ಇರಬೇಕು. ನಮ್ಮದರಲ್ಲಿ ಒಂದು ಕವಲು ಸುಮಾರು 15 ಡಿಗ್ರಿ ತಿರುಚಿಕೊಂಡಂತೆ ವೆಲ್ಡ್ ಆಗಿತ್ತು. ಕೋನದಲ್ಲಿ ಕೆಲಸ ಮಾಡುವ ಕ್ರಾಸ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ವೇಗ ಏರುತ್ತದೆ, ಎರಡು ಸಲ ಇಳಿಯುತ್ತದೆ. ಮುಂದಿನ ಕ್ರಾಸ್ ಮಾಡಿದ ಏರಿಳಿತವನ್ನು ಹಿಂದಿನದು ಅಳಿಸಬೇಕು. ಕವಲುಗಳು ಒಂದೇ ನೇರದಲ್ಲಿದ್ದರೆ ಮಾತ್ರ ಅದು ಆಗುತ್ತದೆ. ತಿರುಚಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿದರೂ ನಡುಕ ಹೋಗದು. ವೆಲ್ಡಿಂಗ್ ಬಿಡಿಸಿ, ಸಮತಟ್ಟು ಕಬ್ಬಿಣದ ಮೇಜಿನ ಮೇಲೆ ಎರಡೂ ಕವಲು ಕೂರಿಸಿ, ನಾನೇ ನಿಂತು ಮತ್ತೆ ಮಾಡಿಸಿದೆ. ಈಗ 90ರಲ್ಲೂ ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಮಾಡುತ್ತಾರೆ.

ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಆಗುಂಬೆ ಘಾಟಿಯ ಪರೀಕ್ಷೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮೂಲಕ ಸೋಮೇಶ್ವರಕ್ಕೆ ಇಳಿದು ಮತ್ತೆ ಹತ್ತುವುದು. ಹದಿನಾಲ್ಕು ತಿರುವು. ರೇಡಿಯೇಟರ್ ನಮ್ಮ ಕಾರಿನದ್ದೇ, ಒಳಗಿನ ಕೋರ್ ಮಾತ್ರ ಹೊಸದಾಗಿ ಹಾಕಿಸಿದ್ದು. ಎಂಜಿನ್ ಫ್ಯಾನ್‌ಗೆ ಜಾಗ ಸಾಲದೆ ರೇಡಿಯೇಟರ್ ಹಿಂದೆ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದ್ದೆ. ಬಯಲಿನಲ್ಲಿ ಮುಳ್ಳು ಅರ್ಧದ ಕೆಳಗೇ ನಿಂತಿತ್ತು. ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಏಳನೇ ತಿರುವಿಗೆ ಮುಳ್ಳು ಮೇಲೇರಿತು. ಒಂಬತ್ತನೆಯದಕ್ಕೆ ಕೆಂಪಿನ ಅಂಚು. ಅಲ್ಯೂಮಿನಿಯಂ ಹೆಡ್ ನೆನಪಾಗಿ ಎದೆ ಹೊಡೆದುಕೊಂಡಿತು. ಜಾಗ ಸಿಕ್ಕ ಕಡೆ ನಿಲ್ಲಿಸಿ ಬಾನೆಟ್ ಎತ್ತಿದೆ. ಕ್ಯಾಪ್ ಮುಟ್ಟಲಿಲ್ಲ. ಬಿಸಿ ರೇಡಿಯೇಟರಿನ ಕ್ಯಾಪ್ ತೆಗೆದು ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಫ್ಯಾನ್ ಭರ್ರನೆ ತಿರುಗುತ್ತಿತ್ತು. ಆದರೂ ಯಾಕೆ? ಅಪ್ಪ ಜೇಬಿನಿಂದ ಒಂದು ಚೀಟಿ ತೆಗೆದು ರೇಡಿಯೇಟರಿನ ಮುಂದೆ ಹಿಡಿದರು. ಫ್ಯಾನ್ ಗಾಳಿಯನ್ನು ಮುಂದಿನಿಂದ ಎಳೆಯುತ್ತಿದ್ದರೆ ಚೀಟಿ ರೇಡಿಯೇಟರ್‌ಗೆ ಅಂಟಿಕೊಳ್ಳಬೇಕು. ಅದು ಹೊರಗೆ ಹಾರಿತು. ಫ್ಯಾನ್ ಉಲ್ಟಾ ತಿರುಗುತ್ತಿತ್ತು. ವೈರ್ ಕೊಡುವಾಗ ನಾನು ಪ್ಲಸ್ ಮೈನಸ್ ಅದಲುಬದಲು ಮಾಡಿದ್ದೆ. ಬಯಲಿನಲ್ಲಿ ಕಾರಿನ ವೇಗಕ್ಕೇ ಗಾಳಿ ನುಗ್ಗುತ್ತಿತ್ತು, ಗೊತ್ತಾಗಲಿಲ್ಲ. ಘಾಟಿಯ ನಿಧಾನದಲ್ಲಿ ಫ್ಯಾನ್ ಆ ಗಾಳಿಯನ್ನೇ ವಾಪಸ್ ತಳ್ಳುತ್ತಿತ್ತು. ಅಲ್ಲೇ ಎರಡು ವೈರ್ ಬದಲಾಯಿಸಿದೆ. ಇಪ್ಪತ್ತು ನಿಮಿಷ ತಣಿಯಲು ಬಿಟ್ಟು, ನೀರು ನೋಡಿ, ಮತ್ತೆ ಸೋಮೇಶ್ವರಕ್ಕೆ ಇಳಿದು ಮೊದಲಿನಿಂದ ಹತ್ತಿಸಿದೆ. ಮುಳ್ಳು ಅರ್ಧ ದಾಟಲಿಲ್ಲ.

ಇಲ್ಲಿಯವರೆಗೆ 4,100 ಕಿಲೋಮೀಟರ್ ಆಗಿದೆ. ಎಂಜಿನ್ ಸೇರಿ ಒಟ್ಟು ಖರ್ಚು 1,42,000 ರೂಪಾಯಿ. ಹೆದ್ದಾರಿಯಲ್ಲಿ ಐದನೇ ಗೇರಿನಲ್ಲಿ ಕಾರು ಹಗುರಾಗಿ ಹೋಗುತ್ತದೆ. ನೆಲದ ಮೇಲೆ ಆಯಿಲ್ ಚುಕ್ಕೆ ಇಲ್ಲ. ಸ್ಪೀಡೋಮೀಟರ್ ಮಾತ್ರ ತಪ್ಪು ತೋರಿಸುತ್ತದೆ. ಗೇರ್‌ಬಾಕ್ಸ್ ಒಂದು ಲೆಕ್ಕದ್ದು, ಮೀಟರ್ ಇನ್ನೊಂದು ಲೆಕ್ಕದ್ದು. ಸದ್ಯ ಫೋನಿನ ಜಿಪಿಎಸ್ ನೋಡಿಕೊಂಡು ಓಡಿಸುತ್ತಿದ್ದೇನೆ.

ಬ್ರೇಕ್ ಬಗ್ಗೆ ನನಗೆ ಪೂರ್ತಿ ನೆಮ್ಮದಿ ಇಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್. ವೀಲ್ ಸಿಲಿಂಡರ್, ಲೈನರ್, ರಬ್ಬರ್ ಹೋಸ್ ಎಲ್ಲ ಹೊಸದು ಹಾಕಿದ್ದೇನೆ. ಆದರೂ ಘಾಟಿ ಇಳಿಯುವಾಗ ಸತತವಾಗಿ ಒತ್ತಿದರೆ ಕಾದು ಹಿಡಿತ ಕಡಿಮೆಯಾಗುತ್ತದೆ. ಎರಡನೇ ಗೇರಿನಲ್ಲೇ ಇಳಿಸುತ್ತೇನೆ. ಎಂಜಿನ್‌ಗೆ ಇಷ್ಟು ದುಡ್ಡು ಹಾಕುವ ಮೊದಲೇ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಯೋಚಿಸಬೇಕಿತ್ತು. ಈ ಮಳೆಗಾಲದ ಕೆಲಸ ಅದೇ. ಅದೂ ಬೋಲ್ಟ್ ಬಿಚ್ಚಿ ವಾಪಸ್ ಮಾಡುವ ಹಾಗೆಯೇ ಇರಬೇಕು.

ಹಳೆ ಎಂಜಿನ್ ಕೊಟ್ಟಿಗೆಯ ಮೂಲೆಯಲ್ಲಿ ಇಸುಜುವಿಗೆ ಮಾಡಿಸಿದ ಅದೇ ಸ್ಟ್ಯಾಂಡ್ ಮೇಲಿದೆ. ಮೇಲೆ ಗೋಣಿಚೀಲ ಹೊದಿಸಿದೆ. ಪಕ್ಕದಲ್ಲಿ ಅದರ ಗೇರ್‌ಬಾಕ್ಸ್, ಶಾಫ್ಟ್, ಡೈನಮೊ, ಚೀಟಿ ಅಂಟಿಸಿದ ಡಬ್ಬಿಗಳು, ಬಟ್ಟೆಯಲ್ಲಿ ಸುತ್ತಿದ ಆ ತಗಡಿನ ತುಂಡು. ಹೋದ ತಿಂಗಳು ದಾವಣಗೆರೆ ಕಡೆಯಿಂದ ಒಂದು ಕ್ರ್ಯಾಂಕ್ ಬಂತು. 20 ಥೌ, ಬಿರುಕಿಲ್ಲ. ಅದನ್ನು ಹಾಕಿ ಎಂಜಿನ್ ಜೋಡಿಸಿಟ್ಟಿದ್ದೇವೆ. ಪ್ರತಿ ಭಾನುವಾರ ಅಪ್ಪ ಪ್ಲಗ್ ತೂತಿಗೆ ಎರಡೆರಡು ಹನಿ ಆಯಿಲ್ ಬಿಟ್ಟು, ಕಾರಿನ ಹಳೆ ಹ್ಯಾಂಡಲ್ ಸಿಕ್ಕಿಸಿ, ರಿಂಗ್ ಹಿಡಿದುಕೊಳ್ಳದ ಹಾಗೆ ಎರಡು ಸುತ್ತು ತಿರುಗಿಸುತ್ತಾರೆ.